ಕೊನೇ ಬಸ್ಸಿನವನ ಮೆಚ್ಚಿನ ಚಿತ್ರಗಳು

ವರ್ಷದ ಕೊನೆಯಲ್ಲಿ ಮೆಚ್ಚಿನ ಚಿತ್ರಗಳನ್ನು ಘೋಷಿಸುವ ಜವಾಬ್ದಾರಿಯನ್ನು ನನಗೆ ಯಾರೂ ವಹಿಸಿರಲಿಲ್ಲ. ನಾನೇ ವಹಿಸಿಕೊಂಡಿದ್ದೆ. ಡಿಸೆಂಬರ್ ಕೊನೆಯ ವಾರ ಬಂತೆಂದರೆ ಹನೂರು ಬಸ್ ನಿಲ್ದಾಣದ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, ಆ ವರ್ಷ ಬಂದವುಗಳಲ್ಲಿ ಯಾವುದು ಚಿತ್ರ, ಯಾವುದು ಬರೀ ಸದ್ದು ಎಂದು ತೀರ್ಪು ಕೊಡುತ್ತಿದ್ದೆ. ಟೀ ಕುಡಿಯಲು ಬಂದವರು ಲೋಟ ಹಿಡಿದು ಕೇಳುತ್ತಿದ್ದರು. ಕೆಲವರು ನನ್ನ ಮಾತು ನಂಬಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೊಳ್ಳೇಗಾಲಕ್ಕೆ ಹೋಗಿ ನೋಡಿಬರುತ್ತಿದ್ದರು. ಊರಿನಲ್ಲಿ ನನ್ನ ಹೆಸರೇ ಪಿಚ್ಚರ್ ಪುಟ್ಟಸ್ವಾಮಿ. ಮೊದಮೊದಲು ಬೇಸರವಾಗುತ್ತಿತ್ತು. ಆಮೇಲೆ ಅದನ್ನೊಂದು ಪದವಿ ಎಂದೇ ತಿಳಿದುಕೊಂಡೆ.

ಈಗ ಒಂದು ಸಣ್ಣ ತಾಂತ್ರಿಕ ವಿಷಯವನ್ನು ಓದುಗರ ಗಮನಕ್ಕೆ ತರಬೇಕಾಗಿದೆ. ಆ ಚಿತ್ರಗಳಲ್ಲಿ ಒಂದನ್ನೂ ನಾನು ಕೊನೆಯವರೆಗೆ ನೋಡಿರಲಿಲ್ಲ.

ಇದರಲ್ಲಿ ನನ್ನ ತಪ್ಪೇನೂ ಇಲ್ಲ, ತಪ್ಪು ಬಸ್ಸಿನದು. ನನಗೆ ಕೊಳ್ಳೇಗಾಲದ ಒಂದು ಗೊಬ್ಬರದಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ. ಊರು ಹನೂರಿನಿಂದಾಚೆ. ಸಂಜೆ ಅಂಗಡಿ ಬಾಗಿಲು ಎಳೆದ ಕೂಡಲೇ, ಮೈಮೇಲೆ ಯೂರಿಯಾ ವಾಸನೆ ಇರುವಾಗಲೇ, ಥಿಯೇಟರಿಗೆ ಓಡಿ ಫಸ್ಟ್ ಶೋಗೆ ಕೂರುತ್ತೇನೆ. ಆದರೆ ನಮ್ಮೂರಿನ ಮೇಲೆ ಬೆಟ್ಟದ ಕಡೆಗೆ ಹೋಗುವ ಕೊನೇ ಬಸ್ಸು ಚಿತ್ರ ಮುಗಿಯುವುದಕ್ಕಿಂತ ಮುಂಚೆಯೇ ಹೊರಡುತ್ತದೆ. ಅದು ತಪ್ಪಿದರೆ ನಿಲ್ದಾಣದ ಸಿಮೆಂಟ್ ಬೆಂಚು ಮತ್ತು ಕೊಳ್ಳೇಗಾಲದ ಸೊಳ್ಳೆ. ಹಾಗಾಗಿ ಖಳನಾಯಕ ಎಲ್ಲಿದ್ದಾನೆಂದು ಗೊತ್ತಾಗಿ, ನಾಯಕ ಅಂಗಿಯ ತೋಳು ಮಡಚುವ ಹೊತ್ತಿಗೆ ನಾನು ಚೀಲ ತೆಗೆದುಕೊಂಡು ಎದ್ದುಬಿಡುತ್ತಿದ್ದೆ. ಭಾನುವಾರ ಹೋಗೋಣವೆಂದರೆ ಹೊಲದ ಕೆಲಸ. ಮೊಬೈಲಿನಲ್ಲಿ ನೋಡೋಣವೆಂದರೆ ಅದು ಕಲೆಗೆ ಮಾಡುವ ಅವಮಾನ. ಅಲ್ಲದೆ ನಮ್ಮೂರಲ್ಲಿ ಸಿಗ್ನಲ್ ಬೇಕಾದರೆ ನೀರಿನ ಟ್ಯಾಂಕು ಹತ್ತಬೇಕು.

ಬಸ್ಸಿನ ಕಂಡಕ್ಟರ್ ಮುರುಗೇಶ ಗೋಪಿನಾಥಂ ಕಡೆಯವನು. ಟಿಕೆಟ್ ಹರಿದು ಮುಗಿಸಿ ನನ್ನ ಪಕ್ಕದಲ್ಲಿ ಕೂತು, "ಇವತ್ತು ಏನ್ ಕಥೆ ಸಾ?" ಎನ್ನುತ್ತಿದ್ದ. ನಾನು ಎದ್ದು ಬಂದ ಜಾಗದವರೆಗೆ ಹೇಳುತ್ತಿದ್ದೆ. "ಅಪ್ಪುರಂ?" ಎನ್ನುತ್ತಿದ್ದ. ಆಮೇಲೆ ಏನಾಯಿತು ಎಂದು ತಮಿಳಿನಲ್ಲಿ ಅವನ ಪ್ರಶ್ನೆ. ಗೊತ್ತಿಲ್ಲ ಎನ್ನಲು ಪದವಿ ಅಡ್ಡ ಬರುತ್ತಿತ್ತು. ಅದಕ್ಕೆ ನಾವಿಬ್ಬರೂ ಸೇರಿ ಕೊನೆಯನ್ನು ಅಲ್ಲೇ ಕಟ್ಟುತ್ತಿದ್ದೆವು. ಹನೂರು ದಾಟುವ ಹೊತ್ತಿಗೆ ಒಳ್ಳೆಯವರಿಗೆಲ್ಲ ಒಳ್ಳೆಯದಾಗಿ, ಕೆಟ್ಟವರು ಕಾಲಿಗೆ ಬಿದ್ದಿರುತ್ತಿದ್ದರು. ಕೆಲವೊಮ್ಮೆ ಪ್ರಯಾಣಿಕರೂ ಸಲಹೆ ಕೊಡುತ್ತಿದ್ದರು.

ನೋಡಿಬಂದವರು ಟೀ ಅಂಗಡಿಯಲ್ಲಿ ಜಗಳಕ್ಕೆ ಬರುವುದೂ ಇತ್ತು. "ಲೇ ಪುಟ್ಟಸ್ವಾಮಿ, ಆ ಲೈನ್‌ಮನ್ ಪಿಚ್ಚರ್‌ನ ಭಾಳ ಚಂದಾಗದೆ ಅಂದ್ಯಲ್ಲಾ, ಕೊನ್ಗೆ ಅವ್ನು ಕಂಬದ ಮ್ಯಾಲೇ ಸುಟ್ಟೋಯ್ತನೆ ಕಣ್ಲಾ." ನನ್ನ ಲೆಕ್ಕದಲ್ಲಿ ಅವನು ಕೆಳಗಿಳಿದು ಬಂದು ಮದುವೆಯಾಗಿದ್ದ. ಆದರೂ ಮುಖ ಗಂಭೀರ ಮಾಡಿಕೊಂಡು, "ಕೊನೆ ಮುಖ್ಯ ಅಲ್ಲ ಕಣಣ್ಣ. ಕೊನೆ ಅನ್ನೋದು ವ್ಯಾಪಾರ. ನಡುವೆ ಇರೋದೇ ಕಲೆ" ಎನ್ನುತ್ತಿದ್ದೆ. ಈ ಮಾತಿನಿಂದ ನನ್ನ ಗೌರವ ಇನ್ನೂ ಹೆಚ್ಚಾಯಿತು.

ಕಳೆದ ವರ್ಷ ನಾನು ಮೊದಲ ಸ್ಥಾನ ಕೊಟ್ಟದ್ದು ಒಂದು ಅತ್ತೆ ಸೊಸೆ ಚಿತ್ರಕ್ಕೆ. ಅದರ ಹೆಸರು ಹೇಳುವುದಿಲ್ಲ. ಆ ಹೆಸರನ್ನು ನಮ್ಮ ಮನೆಯಲ್ಲಿ ಈಗ ಯಾರೂ ಎತ್ತುವ ಹಾಗಿಲ್ಲ. ತಾಯಿಯಿಲ್ಲದ ಹುಡುಗಿ ಒಂದು ದೊಡ್ಡ ಮನೆಗೆ ಎರಡನೇ ಸೊಸೆಯಾಗಿ ಬರುತ್ತಾಳೆ. ಅತ್ತೆ ದೇವರಂಥವಳು. ಹಿರಿಯ ಸೊಸೆ ಮುಂಬೈಗೆ ಹೋಗಿದ್ದಾಳೆ, ಬರುತ್ತಾಳೆ ಎನ್ನುತ್ತಾಳೆ. ಬೆಳಿಗ್ಗೆ ಎದ್ದು ಅಂಗಳದ ತುಳಸಿ ಕಟ್ಟೆಗೆ ನೀರು ಹಾಕಿ, ಅದರ ಮುಂದೆ ಕೂತು ಮಾತಾಡುತ್ತಾಳೆ. ಏನು ಭಕ್ತಿ! ಪಕ್ಕದ ಮನೆಯ ನಾಯಿ ಮಾತ್ರ ದಿನವೂ ಬಂದು ಆ ಕಟ್ಟೆಯನ್ನು ಕೆರೆದು ಬೊಗಳುತ್ತದೆ. ಇದು ಸಾಂಕೇತಿಕ ಎಂದು ನಾನು ಟೀ ಅಂಗಡಿಯಲ್ಲಿ ಬಿಡಿಸಿ ಹೇಳಿದ್ದೆ. ನಾನು ಎದ್ದುಬಂದ ದೃಶ್ಯದಲ್ಲಿ ಅತ್ತೆ ಸೊಸೆಯ ತಲೆ ಬಾಚುತ್ತಾ, "ನಿನ್ನನ್ನ ನಾನು ಎಲ್ಲಿಗೂ ಕಳಿಸಲ್ಲ ಮಗಳೇ, ಈ ಮನೆಯಲ್ಲೇ ಇರ್ತೀಯ" ಎನ್ನುತ್ತಾಳೆ. ಎಂಥ ಪ್ರೀತಿ ಎಂದು ಕಣ್ಣೊರೆಸಿಕೊಂಡು ಬಸ್ಸಿಗೆ ಓಡಿದ್ದೆ.

ಅವತ್ತು ಮುರುಗೇಶ ಕಟ್ಟಿದ ಕೊನೆ ಅವನ ಜೀವಮಾನದಲ್ಲೇ ಶ್ರೇಷ್ಠವಾದದ್ದು. ಅತ್ತೆ ತನ್ನ ಸೊಂಟದ ಬೀಗದ ಕೈ ಗೊಂಚಲು ತೆಗೆದು ಸೊಸೆಯ ಸೊಂಟಕ್ಕೆ ಸಿಕ್ಕಿಸಿ, "ಇನ್ಮೇಲೆ ಮನೆ ನಿಂದು" ಅನ್ನುತ್ತಾಳೆ. ಮುಂದಿನ ಸೀಟಿನಲ್ಲಿ ಬೆಟ್ಟಕ್ಕೆ ಹೋಗುತ್ತಿದ್ದ ಒಬ್ಬ ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ನಾನು ಆ ಚಿತ್ರಕ್ಕೆ ಅಲ್ಲೇ ಮೊದಲ ಸ್ಥಾನ ಕೊಟ್ಟುಬಿಟ್ಟೆ.

ಇಷ್ಟಕ್ಕೇ ನಿಂತಿದ್ದರೆ ನಾನು ಇವತ್ತಿಗೂ ಪಿಚ್ಚರ್ ಪುಟ್ಟಸ್ವಾಮಿಯಾಗಿಯೇ ಇರುತ್ತಿದ್ದೆ. ಆದರೆ ನನಗೊಬ್ಬಳು ತಂಗಿ ಇದ್ದಾಳೆ.

ಸವಿತ ಅಂಗನವಾಡಿ ಟೀಚರು. ಅಪ್ಪ ಅವ್ವ ಹೋದ ಮೇಲೆ ಅವಳಿಗೆ ನಾನೇ ಎಲ್ಲ. ಬಂದ ಸಂಬಂಧಗಳು ಒಂದಲ್ಲ ಒಂದು ನೆಪಕ್ಕೆ ತಪ್ಪಿಹೋಗಿ, ಊರವರು ಅವಳನ್ನು ನೋಡಿ ಲೊಚಗುಟ್ಟುವ ಹಂತಕ್ಕೆ ಬಂದಿದ್ದರು. ಆ ಹೊತ್ತಿನಲ್ಲಿ ಯಳಂದೂರಿನ ಕಡೆಯಿಂದ ಒಂದು ಒಳ್ಳೆಯ ಮನೆ ಒಲಿದುಬಂತು. ಸ್ವಂತ ಆಲೆಮನೆ, ಕಬ್ಬು ಅರೆದು ಬೆಲ್ಲ ಮಾಡುವವರು. ಯಜಮಾನರು ತೀರಿಕೊಂಡ ಮೇಲೆ ಗೌರಮ್ಮ ಎಂಬ ಗಟ್ಟಿ ಹೆಂಗಸು ಮನೆ, ಆಲೆ, ಇಬ್ಬರು ಗಂಡುಮಕ್ಕಳು ಎಲ್ಲವನ್ನೂ ನಡೆಸುತ್ತಿದ್ದರು. ಕಿರಿಯವನಿಗೆ ನಮ್ಮ ಸವಿತ. ಹುಡುಗ ಹುಡುಗಿ ಒಪ್ಪಿದ್ದರು. ಸವಿತ ಹಾಡು ಹೇಳಿಕೊಂಡು ಪಾತ್ರೆ ತೊಳೆಯುವುದನ್ನು ನಾನು ಎಷ್ಟೋ ಕಾಲದ ಮೇಲೆ ಕೇಳಿದೆ.

ಆ ಮನೆಯಲ್ಲಿ ಒಂದೇ ಒಂದು ನೋವಿತ್ತು. ಹಿರಿಯ ಸೊಸೆ ಅತ್ತೆಯ ಜೊತೆ ಜಗಳ ಮಾಡಿಕೊಂಡು ತವರಿಗೆ ಹೋದವಳು ವರ್ಷ ಕಳೆದರೂ ಬಂದಿರಲಿಲ್ಲ. ನಿಶ್ಚಿತಾರ್ಥದ ಮಾತಿಗೆ ಹೊರಡುವಾಗ ನನ್ನ ಹೆಂಡತಿ ಜಯ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು. "ರೀ, ಬ್ಯಾರೆ ಏನಾರ ಮಾತಾಡ್ಕಳಿ. ಆ ದೊಡ್ಡ ಸೊಸೆ ಸುದ್ದಿ ಮಾತ್ರ ಎತ್ಬ್ಯಾಡಿ."

ನಾನು ಎತ್ತಲಿಲ್ಲ. ಮುಂದೆ ಅದನ್ನು ಪಿಚ್ಚರಿನ ಪೊಲೀಸರು ಎತ್ತಿದರು, ಗುದ್ದಲಿ ಪಿಕಾಸಿ ಸಮೇತ.

ಗೌರಮ್ಮ ನಮಗೆ ಬಿಸಿ ಬೆಲ್ಲ, ಕಡಲೆಪುರಿ ಕೊಟ್ಟು ಕೂರಿಸಿದರು. ಅಂಗಳದಲ್ಲಿ ಹೊಸದಾಗಿ ಕಟ್ಟಿಸಿ ಬಣ್ಣ ಹೊಡೆಸಿದ ತುಳಸಿ ಕಟ್ಟೆ. ಗೌರಮ್ಮ ಅದಕ್ಕೊಂದು ಚೊಂಬು ನೀರು ಹಾಕಿ ಬಂದು ಕೂತು, "ನೀನು ಪಿಚ್ಚರ್ ಭಾಳ ನೋಡ್ತೀಯಂತಲ್ಲಪ್ಪ, ಯಾವ್ದು ಚಂದಾಗದೆ?" ಎಂದು ಕೇಳಿದರು. ಸುಮ್ಮನೆ ಉಪಚಾರಕ್ಕೆ ಕೇಳಿದ್ದು. ಆದರೆ ಆ ಪ್ರಶ್ನೆ ಕೇಳಿದರೆ ನನಗೆ ಹತೋಟಿ ಇರುವುದಿಲ್ಲ.

"ಅವ್ವಾ, ನಿಮ್ಮನ್ನ ನೋಡುದ್ರೆ ಈ ವರ್ಷದ ನನ್ನ ಮೊದಲ್ನೇ ಪಿಚ್ಚರ್ ಗ್ಯಾಪ್ಕ ಬರ್ತದೆ. ಅದ್ರಲ್ಲಿ ಬರೋ ಅತ್ತೆ ಥೇಟ್ ನೀವೇ" ಎಂದು ಶುರು ಮಾಡಿದೆ. ಜಯ ಕೆಮ್ಮಿದಳು. ನಾನು ನಿಲ್ಲಿಸಲಿಲ್ಲ. ಆ ಮನೆ, ಆ ಪ್ರೀತಿ, ಆ ತುಳಸಿ ಪೂಜೆ, ತಲೆ ಬಾಚುವುದು ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಹಿರಿಯ ಸೊಸೆ ಮುಂಬೈಗೆ ಹೋದದ್ದನ್ನು ಮಾತ್ರ ಜಾಣತನದಿಂದ ಬಿಟ್ಟುಬಿಟ್ಟೆ. ಆ ಕ್ಷಣ ನನ್ನ ಚಾಣಾಕ್ಷತೆಗೆ ನಾನೇ ತಲೆದೂಗಿದೆ.

ಗೌರಮ್ಮ ಕೇಳಿ ಮೆತ್ತಗಾದರು. "ಅಂಗಾದ್ರೆ ಕೊನ್ಗೆ ಏನಾಯ್ತದಪ್ಪ?"

ಗೊತ್ತಿಲ್ಲ ಎಂಬುದು ಎಷ್ಟು ಚಿಕ್ಕ ಮಾತು! ಅದನ್ನು ಹೇಳುವ ಬದಲು ಮುರುಗೇಶನ ಬೀಗದ ಕೈ ಗೊಂಚಲನ್ನು ತೆಗೆದು ಆ ಅಂಗಳದಲ್ಲಿ ಝಣಝಣಿಸಿಬಿಟ್ಟೆ. ಗೌರಮ್ಮ ತಮ್ಮ ಸೊಂಟದ ಗೊಂಚಲನ್ನು ಮುಟ್ಟಿಕೊಂಡರು. ಕಣ್ಣು ತುಂಬಿಕೊಂಡವು. "ನಾನೂ ಅಂಗೇ ಮಾಡ್ತೀನಿ ಕನಪ್ಪ. ದೊಡ್ಡವಳ್ಗೆ ನಾನು ಸರ್ಯಾಗಿ ನಡ್ಕಂಡೆನೋ ಇಲ್ವೋ, ಸವಿತುನ್ನ ಮಗಳಂಗೆ ನೋಡ್ಕತೀನಿ. ಎಲ್ರೂ ಒಂದ್ಸಲ ಆ ಪಿಚ್ಚರ್ ನೋಡ್ಮ. ಮುಗುದ್ ಮ್ಯಾಲೆ ಅಲ್ಲೇ ಅವಳ್ ಕೈಗೆ ಬೀಗದ ಕೈ ಕೊಡ್ತೀನಿ. ನಮ್ ಜನ ಎಲ್ಲ ನೋಡ್ಲಿ."

ಮದುವೆಗೆ ಮುಂಚೆಯೇ ಮನೆಯ ಯಜಮಾನಿಕೆ. ಇದಕ್ಕಿಂತ ದೊಡ್ಡ ಗೆಲುವು ಯಾವ ಅಣ್ಣನಿಗೆ ಸಿಕ್ಕೀತು? ಬರುವಾಗ ದಾರಿಯುದ್ದಕ್ಕೂ ನಾನು ಬೀಗಿಕೊಂಡೇ ಬಂದೆ. ಮನೆಗೆ ಬಂದ ಮೇಲೆ ಸವಿತ ಒಂದೇ ಮಾತು ಕೇಳಿದಳು. "ಅಣ್ಣ, ಆ ಪಿಚ್ಚರ್‌ನ ಪೂರ್ತಿ ನೋಡಿದ್ದೀಯ ತಾನೆ?"

"ಯಾರನ್ನ ಕೇಳ್ತಿದ್ದೀಯ ನೀನು?" ಎಂದೆ. ಇದು ಉತ್ತರವಲ್ಲ ಎಂದು ಅವಳಿಗೆ ಹೊಳೆಯಲಿಲ್ಲ.

ಆದರೂ ಮನಸ್ಸಿನಲ್ಲಿ ಒಂದು ಮುಳ್ಳು ಆಡುತ್ತಿತ್ತು. ಹೊಟ್ಟೆನೋವು ಎಂದು ಸುಳ್ಳು ಹೇಳಿ ಒಂದು ಮಧ್ಯಾಹ್ನ ಅಂಗಡಿಯಿಂದ ಥಿಯೇಟರಿಗೆ ಓಡಿದೆ. ಮ್ಯಾಟಿನಿ ಮುಗಿಯುವ ಹೊತ್ತು. ಗೇಟಿನವನು ಬಿಡಲಿಲ್ಲ. "ಕೊನೆ ಮಾತ್ರ ನೋಡಕ್ಕೆ ಟಿಕೆಟ್ ಇಲ್ಲ ಸಾ" ಎಂದ. ಸರಿ, ಬಾಗಿಲಿಗೆ ಕಿವಿ ಕೊಟ್ಟು ನಿಂತೆ. ಒಳಗೆ ಹೆಣ್ಣೊಬ್ಬಳು ಗಟ್ಟಿಯಾಗಿ ಅಳುವುದು ಕೇಳಿಸಿತು. ಆನಂದಬಾಷ್ಪ. ಸೈರನ್ ಕೇಳಿಸಿತು. ಸೊಸೆಗೆ ಹೆರಿಗೆ ನೋವು ಬಂದು ಆಂಬುಲೆನ್ಸ್ ಕರೆಸಿದ್ದಾರೆ. ಧಬ್ ಧಬ್ ಎಂದು ನೆಲ ಅಗೆಯುವ ಸದ್ದು ಕೇಳಿಸಿತು. ಹೊಸ ಮನೆಗೆ ಪಾಯ! ಮುರುಗೇಶನಿಗೂ ಹೊಳೆಯದಷ್ಟು ಮಂಗಳಕರವಾದ ಮುಕ್ತಾಯ ಎಂದು ಸಮಾಧಾನ ಪಟ್ಟುಕೊಂಡು ಅಂಗಡಿಗೆ ಹಿಂದಿರುಗಿದೆ. ಸಾಹುಕಾರರು ಹೊಟ್ಟೆನೋವಿಗೆ ಓಮಿನ ಕಷಾಯ ಮಾಡಿಸಿಟ್ಟಿದ್ದರು. ಅದನ್ನೂ ಕುಡಿದೆ.

ಪಿಚ್ಚರ್ ನೋಡಲು ಗೊತ್ತುಮಾಡಿದ್ದ ದಿನ ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಒಂದು ಟೆಂಪೋ ತುಂಬ ಜನ ಬಂದಿಳಿದರು. ಗೌರಮ್ಮನ ಅಣ್ಣತಮ್ಮಂದಿರು, ಓರಗಿತ್ತಿಯರು, ನೆರೆಹೊರೆಯವರು. ಗೌರಮ್ಮ ಹೊಸ ರೇಷ್ಮೆ ಸೀರೆ ಉಟ್ಟಿದ್ದರು. ಹುಣಸೆಹುಳಿ ಹಾಕಿ ತಿಕ್ಕಿದ್ದರೇನೋ, ಬೀಗದ ಕೈ ಗೊಂಚಲು ಫಳಫಳ ಎನ್ನುತ್ತಿತ್ತು. ಮ್ಯಾಟಿನಿ ಶೋ. ಇವತ್ತು ಬಸ್ಸಿನ ಗೊಡವೆ ಇಲ್ಲ. ಜೀವನದಲ್ಲಿ ಮೊದಲ ಬಾರಿಗೆ ನಾನು ಕುರ್ಚಿಗೆ ಬೆನ್ನು ಪೂರ್ತಿ ಆನಿಸಿ ಕೂತೆ.

ಮೊದಲರ್ಧ ನನ್ನ ಬಾಳಿನ ಸುವರ್ಣಯುಗ. ಅತ್ತೆ ತೆರೆಯ ಮೇಲೆ ಸೊಸೆಗೆ ತುತ್ತು ಕೊಟ್ಟರೆ ಸಾಲಿನವರೆಲ್ಲ ಗೌರಮ್ಮನ ಕಡೆ ನೋಡಿ ನಗುತ್ತಿದ್ದರು. "ಗೌರಕ್ಕ, ನಿನ್ನಂಗೇ ಅವ್ಳಲ್ಲ" ಎಂದು ಓರಗಿತ್ತಿ ಪಿಸುಗುಟ್ಟಿದಳು. ಹಿರಿಯ ಸೊಸೆ ಮುಂಬೈಗೆ ಹೋದ ಮಾತು ಬಂದಾಗ ಮಾತ್ರ ಎಲ್ಲರೂ ಸ್ವಲ್ಪ ಹೊತ್ತು ತೆರೆಯನ್ನೇ ದಿಟ್ಟಿಸಿದರು. ಅದೂ ದಾಟಿತು. ಇಂಟರ್‌ವೆಲ್ಲಿನಲ್ಲಿ ಗೌರಮ್ಮ ಎಲ್ಲರಿಗೂ ಚುರುಮುರಿ ಕೊಡಿಸಿದರು. ಸವಿತಳ ಪೊಟ್ಟಣಕ್ಕೆ ತಾವೇ ನಿಂಬೆಹಣ್ಣು ಹಿಂಡಿದರು.

ಆಮೇಲೆ ತಲೆ ಬಾಚುವ ದೃಶ್ಯ ಬಂತು. "ನಿನ್ನನ್ನ ನಾನು ಎಲ್ಲಿಗೂ ಕಳಿಸಲ್ಲ ಮಗಳೇ" ಎಂದು ಅತ್ತೆ ಹೇಳಿದ್ದೇ ತಡ, ನನ್ನ ಕಾಲುಗಳು ತಾವಾಗಿಯೇ ಎದ್ದು ನಿಂತವು. ಕೈ ಚೀಲ ಹುಡುಕಿತು. ಜಯ ಅಂಗಿ ಹಿಡಿದು ಎಳೆದಳು.

"ಎಲ್ಲಿಗ್ರೀ?"

"ಬಸ್ಸು."

"ಯಾವ ಬಸ್ಸು? ಕೂತ್ಕಳಿ." ಅವಳು ನನ್ನ ಮುಖ ನೋಡಿದಳು. ಗಂಡ ದಿನಾ ಕೊನೇ ಬಸ್ಸಿಗೆ ಮನೆಗೆ ಬರುವುದು ಅವಳಿಗೆ ಗೊತ್ತು. ಅದನ್ನೂ ಇದನ್ನೂ ಕೂಡಿಸಿ ನೋಡಿದ್ದು ಆ ಕ್ಷಣವೇ ಇರಬೇಕು. "ಅಯ್ಯೋ ದೇವ್ರೇ," ಎಂದಳು ಮೆಲ್ಲಗೆ. "ಮುಂದಕ್ಕೆ ನೀವು ನೋಡಿಲ್ಲ ಅಲ್ವ?"

ನಾನು ತೆರೆಯನ್ನೇ ನೋಡುತ್ತಿದ್ದೆ. ಇಲ್ಲಿಂದಾಚೆ ನನಗೂ ಹೊಸ ಸೀಮೆ. ಅತ್ತೆ ಜಡೆ ಹೆಣೆದು ಮುಗಿಸಿ, ಉಗ್ರಾಣಕ್ಕೆ ಹೋಗಿ, ಒಂದು ಪೆಟ್ಟಿಗೆ ತೆಗೆದಳು. ಅದರಲ್ಲಿ ಹಿರಿಯ ಸೊಸೆಯ ತಾಳಿ, ಕಾಲುಂಗುರ. ಜೋಪಾನ ಮಾಡಿಟ್ಟಿದ್ದಾಳೆ ಪಾಪ ಎಂದುಕೊಂಡೆ. ಮುಂಬೈಗೆ ಹೋಗುವವರು ತಾಳಿ ಬಿಚ್ಚಿಟ್ಟು ಹೋಗುತ್ತಾರೆಯೇ ಎಂಬ ಪ್ರಶ್ನೆ ಆಮೇಲೆ ಬಂತು. ನಾಯಿ ಬಂದು ಕಟ್ಟೆ ಕೆರೆಯತೊಡಗಿತು. ಅದು ಸಾಂಕೇತಿಕವಲ್ಲ ಎಂದು ನನಗೆ ಅರ್ಥವಾದದ್ದು ಆಗಲೇ.

ಎದ್ದು ಓಡಿದೆ. ಮೆಟ್ಟಿಲು ಹತ್ತಿ ಆಪರೇಟರ್ ರೂಮಿಗೆ ನುಗ್ಗಿದೆ. ಆಪರೇಟರ್ ಶಂಕ್ರಣ್ಣ ನನಗೆ ಬಹಳ ದಿನದ ಪರಿಚಯ. ಬುತ್ತಿ ಬಿಚ್ಚಿಕೊಂಡು ಕೂತಿದ್ದ.

"ಶಂಕ್ರಣ್ಣ, ನಿಲ್ಸು."

"ಯಾಕೆ ಸಾ, ಬೆಂಕಿಗಿಂಕಿ ಬಿತ್ತಾ?"

"ಬಿತ್ತು ಕಣಣ್ಣ. ನನ್ನ ತಂಗಿ ಮದುವೆಗೆ."

"ಇದೇನು ರೀಲಾ ಸಾ ನಿಲ್ಸಕ್ಕೆ? ಕಂಪ್ಯೂಟರು. ನಡುವೆ ನಿಲ್ಸುದ್ರೆ ಓನರು ನನ್ನ ನಿಲ್ಲಿಸ್ತಾರೆ" ಎಂದು ಅವನು ಮುದ್ದೆ ಮುರಿದ.

ಮನುಷ್ಯ ಹತಾಶನಾದಾಗ ವೈರು ಕಣ್ಣಿಗೆ ಬೀಳುತ್ತದೆ. ಗೋಡೆಯ ಬಳಿ ದಪ್ಪನೆಯದೊಂದು ಪ್ಲಗ್ಗು ಕಂಡಿತು. ಕಣ್ಣು ಮುಚ್ಚಿ ಕಿತ್ತೆ. ಸದ್ದು ಗಕ್ಕನೆ ನಿಂತಿತು. ಗೆದ್ದೆ ಎಂದು ಕಿಂಡಿಯಲ್ಲಿ ಬಗ್ಗಿ ನೋಡಿದರೆ ಚಿತ್ರ ತನ್ನ ಪಾಡಿಗೆ ಓಡುತ್ತಲೇ ಇದೆ! ನಾನು ಕಿತ್ತದ್ದು ಬರೀ ಸೌಂಡಿನ ವೈರು. ತೆರೆಯ ಮೇಲೆ ಪೊಲೀಸರು ಮೌನವಾಗಿ ತುಳಸಿ ಕಟ್ಟೆ ಒಡೆಯುತ್ತಿದ್ದಾರೆ. ಗುದ್ದಲಿ ಏಳುತ್ತದೆ, ಬೀಳುತ್ತದೆ. ಮಣ್ಣಿನಿಂದ ಒಂದು ಬಳೆ ತೊಟ್ಟ ಕೈ ಮೇಲೆ ಬಂತು. ವರ್ಷವಿಡೀ ತಪ್ಪಿಸಿಕೊಂಡ ಕ್ಲೈಮ್ಯಾಕ್ಸನ್ನು ನಾನು ನೋಡಿದ್ದು ಹೀಗೆ, ಆ ಸಣ್ಣ ಕಿಂಡಿಯಲ್ಲಿ, ಮುದ್ದೆ ಸಾರಿನ ವಾಸನೆಯ ನಡುವೆ.

ನಮ್ಮವರು ಕೂತಿದ್ದ ಮೂರನೇ ಸಾಲಿನ ತಲೆಗಳು ಒಂದೊಂದಾಗಿ ಗೌರಮ್ಮನ ಕಡೆ ತಿರುಗಿದವು. ಥಿಯೇಟರಿನಲ್ಲಿ ಪಿಟಿಕ್ ಸದ್ದಿಲ್ಲ. ಆ ಮೌನಕ್ಕೆ ನಾನೇ ಕಾರಣಕರ್ತ. ಆ ಮೌನದಲ್ಲಿ ಓರಗಿತ್ತಿಯ ಧ್ವನಿ ಹಿಂದಿನ ಸೀಟಿನವರೆಗೂ ಸ್ಪಷ್ಟವಾಗಿ ಕೇಳಿಸಿತು.

"ಗೌರಕ್ಕ, ನಿಮ್ಮನೆ ತುಳಸಿ ಕಟ್ಟೆ ಓದ್ ವರ್ಸನೇ ಕಟ್ಸಿದ್ದಲ್ವ?"

ಶಂಕ್ರಣ್ಣ ಪ್ಲಗ್ಗು ಹಾಕಿದ. ತಡವಾಗಿತ್ತು.

ಚಿತ್ರ ಮುಗಿದು ಹೊರಗೆ ಬಂದೆವು. ಗೌರಮ್ಮ ಗೊಂಚಲನ್ನು ಸೀರೆಯ ಒಳಗೆ ಸಿಕ್ಕಿಸಿಕೊಂಡು ಟೆಂಪೋ ಹತ್ತಿದರು. ಕೂತ ಮೇಲೆ ಕಿಟಕಿಯಿಂದ ನನ್ನನ್ನು ಕರೆದರು. "ಆ ಅತ್ತೆ ಥೇಟ್ ನಾನೇ ಅಂದ್ಯಲ್ಲಪ್ಪ" ಎಂದರು. ಅಷ್ಟೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನು ಬಾಯಿ ತೆರೆದೆ. ಕೊನೆ ಮುಖ್ಯ ಅಲ್ಲ ಎಂಬ ನನ್ನ ಪ್ರಸಿದ್ಧ ಮಾತು ನಾಲಿಗೆಯವರೆಗೆ ಬಂದು, ನನ್ನ ಪುಣ್ಯಕ್ಕೆ ಅಲ್ಲೇ ಸಿಕ್ಕಿಕೊಂಡಿತು.

ಆಮೇಲೆ ಯಳಂದೂರಿನಿಂದ ಫೋನಿಲ್ಲ. ಸುದ್ದಿ ಮಾತ್ರ ಬರುತ್ತಿತ್ತು, ಎಲ್ಲ ಕೆಟ್ಟದ್ದೇ. ಆಲೆಮನೆಗೆ ಬೆಲ್ಲಕ್ಕೆ ಬಂದವರು ಅಂಗಳದಲ್ಲಿ ನಿಂತು ಕಟ್ಟೆಯ ಉದ್ದಗಲ ಅಂದಾಜು ಮಾಡುತ್ತಿದ್ದರಂತೆ. ಬೀದಿ ನಾಯಿ ಆ ಕಡೆ ತಿರುಗಿ ಬೊಗಳಿದರೆ ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರಂತೆ. ಸವಿತ ಅಳಲಿಲ್ಲ, ಬೈಯಲಿಲ್ಲ. ನನ್ನ ಮುಂದೆ ತಟ್ಟೆಯನ್ನು ಸದ್ದಾಗುವ ಹಾಗೆ ಇಟ್ಟು ಹೋಗುತ್ತಿದ್ದಳು. ಒಂದು ದಿನ ಸಾರು ಬಡಿಸುತ್ತಾ, "ಒಂದೇ ಒಂದ್ ದಿನ ಬಸ್ ತಪ್ಪಿಸ್ಕಂಡು ಕೂತಿದ್ರೆ ಆಗ್ತಿತ್ತಲ್ಲಣ್ಣ" ಎಂದಳು. ಇಡೀ ಹನೂರಿಗೆ ಯಾವ ಚಿತ್ರ ನೋಡಬೇಕೆಂದು ಹೇಳಿದವನು ನನ್ನ ಮನೆಯ ಒಬ್ಬಳ ಬದುಕು ಕೆಡಿಸಿಬಿಟ್ಟೆನಲ್ಲ ಎಂದು ಸಂಕಟವಾಯಿತು. ನಿದ್ದೆ ಬರುತ್ತಿರಲಿಲ್ಲ. ಬಂದರೆ ಕನಸಿನಲ್ಲಿ ಗುದ್ದಲಿ.

ಕೊನೆಗೆ ಜಯ ನೂಕಿದಳು. "ಓಗಿ, ಆ ಅಮ್ಮನ ಕಾಲಿಗೆ ಬಿದ್ದು ನಿಜ ಏಳಿ ಬನ್ನಿ. ಒಂದ್ಸಲನಾದ್ರೂ ಪೂರ್ತಿ ಕತೆ ಏಳಿ, ಅರ್ಧಕ್ಕೆ ಎದ್ ಬರ್ಬ್ಯಾಡಿ."

ಹೋದೆ. ಗೌರಮ್ಮ ಕಟ್ಟೆಯ ಪಕ್ಕದ ಜಗಲಿಯ ಮೇಲೆ ಕೂತಿದ್ದರು. ಸೊರಗಿಹೋಗಿದ್ದರು. ನಾನು ಕಾಲಿಗೆ ಬಿದ್ದು ಬಸ್ಸಿನ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ವರ್ಷದಲ್ಲಿ ಒಂದು ಚಿತ್ರವನ್ನೂ ಕೊನೆಯವರೆಗೆ ನೋಡಿಲ್ಲ ಎಂದಾಗ ಅವರು ನನ್ನನ್ನು ಜ್ವರ ಬಂದವನನ್ನು ನೋಡುವಂತೆ ನೋಡಿದರು.

"ಅಂಗಾದ್ರೆ ಆ ಬೀಗದ ಕೈ?"

"ಅದು ಬಸ್ಸಲ್ಲಿ ಕಟ್ಟಿದ್ದು ಅವ್ವಾ. ನಾನು, ಕಂಡಕ್ಟರು."

ಗೌರಮ್ಮ ಸೊಂಟದ ಗೊಂಚಲನ್ನು ಒಮ್ಮೆ ಮುಟ್ಟಿಕೊಂಡರು. "ಅದೇ ಚಂದಾಗಿತ್ತು ಕನಪ್ಪ," ಎಂದರು. "ನನ್ ಸೊಸೆ ಬದ್ಕವ್ಳೆ ಅಂತ ನಾನು ಯಾರ್ಯಾರ್ಗೆ ಏಳ್ಕಂಡು ತಿರ್ಗಲಿ? ಪೋನ್ ಮಾಡುದ್ರೆ ಅವ್ಳು ಎತ್ತಕಿಲ್ಲ."

ಅಷ್ಟರಲ್ಲಿ ಮನೆ ಮುಂದೆ ಒಂದು ಆಟೋ ನಿಂತಿತು. ಅದರಿಂದ ಬ್ಯಾಗು ಹಿಡಿದುಕೊಂಡು ಇಳಿದ ಹೆಂಗಸನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೆ. ಹಿರಿಯ ಸೊಸೆ. ತವರಿನವರೆಗೂ ಸುದ್ದಿ ಮುಟ್ಟಿ, ಸಂತೆಯಲ್ಲಿ ಯಾರೋ ಅವಳನ್ನು ಕಂಡು ಬೆಚ್ಚಿಬಿದ್ದರಂತೆ.

"ಯಾವನು ಅವ್ನು, ನನ್ನ ನನ್ನತ್ತೆ ಊತಾಕವ್ಳೆ ಅಂತ ಊರೆಲ್ಲ ಸಾರ್ದವ್ನು? ತೋರ್ಸಿ ನಂಗೆ. ನಾವ್ ಅತ್ತೆ ಸೊಸೆ ಕಿತ್ತಾಡ್ಕತೀವಿ, ಅದು ನಮ್ ಮನೆ ಇಚಾರ. ಇವ್ಳು ಇರುವೆ ತುಳುದ್ರೂ ಅಯ್ಯೋ ಅಂತಳೆ. ಅಂತವ್ಳ ಮ್ಯಾಲೆ ಇಂತ ಮಾತಾ?"

ಆ ಸಂದರ್ಭದಲ್ಲಿ ಅಡಗಿಕೊಳ್ಳಲು ಅಂಗಳದಲ್ಲಿ ಒಂದೇ ಒಂದು ಜಾಗವಿತ್ತು. ಓದುಗರು ಊಹಿಸಿರಬಹುದು. ನಾನು ತುಳಸಿ ಕಟ್ಟೆಯ ಹಿಂದೆ ಮಂಡಿಯೂರಿ ಕೂತೆ.

ಅಲ್ಲಿಂದ ಎಲೆಗಳ ಸಂದಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಗೌರಮ್ಮ ಎದ್ದು ನಿಂತರು. ಅವಳು ಬ್ಯಾಗು ಕೆಳಗಿಟ್ಟಳು. ಆಮೇಲೆ ಗೌರಮ್ಮ ಬಿಕ್ಕಿಬಿಕ್ಕಿ ಅಳುತ್ತಾ ಅವಳ ಕೈ ಹಿಡಿದುಕೊಂಡರು. ಅವಳೂ ಅತ್ತಳು. "ಇನ್ನೆಲ್ಲಿಗೂ ಓಗಕಿಲ್ಲ ಬುಡು. ನಾನು ಓದ್ರೆ ಈ ಜನ ತಿರ್ಗಾ ಅಗಿಯಕ್ಕೆ ಬತ್ತರೆ" ಎಂದಳು. ಗೌರಮ್ಮ ಸೊಂಟದಿಂದ ಗೊಂಚಲು ತೆಗೆದು, ಸೊಸೆಯ ಸೊಂಟಕ್ಕೆ ಸಿಕ್ಕಿಸಿ, "ಇನ್ಮ್ಯಾಲೆ ಮನೆ ನಿಂದು ಕನವ್ವ" ಎಂದರು.

ನಾವು ಬಸ್ಸಿನಲ್ಲಿ ಕಟ್ಟಿದ ಕ್ಲೈಮ್ಯಾಕ್ಸು ಅಕ್ಷರಶಃ ನನ್ನ ಕಣ್ಣ ಮುಂದೆಯೇ ನಡೆಯಿತು. ಸೊಸೆ ಮಾತ್ರ ಬೇರೆ.

ಗೌರಮ್ಮ ಒಳ್ಳೆಯವರು. ನನ್ನನ್ನು ಕಟ್ಟೆಯ ಹಿಂದಿನಿಂದ ಕರೆದು ಕಾಫಿ ಕೊಟ್ಟರು. ಮದುವೆ ನಡೆಯುತ್ತದೆ ಎಂದರು. ನನಗೆ ಹೋದ ಜೀವ ಬಂತು. "ಆದ್ರೆ ಒಂದ್ ಮಾತು ನಡುಸ್ಕೊಡ್ಬೇಕು" ಎಂದರು. "ಏನಾದ್ರೂ ಸರಿ ಅವ್ವಾ" ಎಂದೆ.

"ಬೇಜಾರ್ ಮಾಡ್ಕಬ್ಯಾಡ. ನೀನು ಒಳ್ಳೆದಾಯ್ತದೆ ಅಂದ ಕಡೆಲೆಲ್ಲ ಕೊನ್ಗೆ ಎಡವಟ್ಟಾಗದೆ. ನಂಗೆ ಭಯ ಕನಪ್ಪ. ಮಾಂಗಲ್ಯದ ಒತ್ನಲ್ಲಿ ನೀನು ಮಾತ್ರ ಮುಂದೆ ಇರ್ಬ್ಯಾಡ. ದಾರೆ ನಿಮ್ ಚಿಕ್ಕಪ್ಪ ಎರೀಲಿ."

ಅವರು ಅದನ್ನು ಮೆತ್ತಗೆ, ಕೈ ಹಿಡಿದುಕೊಂಡು ಹೇಳಿದರು. ನಾನು ಆಗಲಿ ಎಂದೆ. ತಂಗಿಯನ್ನು ಧಾರೆಯೆರೆದು ಕೊಡುವುದು ನನ್ನ ಕೈಯಿಂದಲೇ ಆಗಬೇಕೆಂದು ಅವ್ವ ಸಾಯುವಾಗ ಹೇಳಿದ್ದಳು. ಅದನ್ನು ಗೌರಮ್ಮನಿಗೆ ಹೇಳಲಿಲ್ಲ. ಬೀಗದ ಕೈ ಹಿರಿಯ ಸೊಸೆಯ ಪಾಲಾದ ಸುದ್ದಿಯನ್ನು ಸವಿತಳಿಗೆ ಹೇಳಿದೆ. "ನಂಗೆ ಬೀಗ ಬ್ಯಾಡ, ಬಾಗ್ಲು ತೆಗುದ್ರಲ್ಲ, ಸಾಕು" ಎಂದು ಅವಳು ಅವತ್ತು ಮೊದಲ ಸಲ ತಟ್ಟೆಯನ್ನು ಸದ್ದಿಲ್ಲದೆ ಇಟ್ಟಳು.

ಮದುವೆಯ ದಿನ ಎಲ್ಲ ಕೆಲಸ ಮಾಡಿದೆ. ಬಾಳೆ ಕಂದು ಕಟ್ಟಿದೆ, ಬೀಗರಿಗೆ ನೀರು ಕೊಟ್ಟೆ, ಪುರೋಹಿತರ ಸ್ಕೂಟರ್ ನೂಕಿದೆ. ಮುಹೂರ್ತ ಹತ್ತಿರವಾದಾಗ ಯಾರೂ ಹೇಳದೆಯೇ ಎದ್ದು ಹೊರಗೆ ಬಂದೆ. ಈ ಒಂದು ಕೆಲಸದಲ್ಲಿ ನನಗೆ ಒಳ್ಳೆಯ ಅಭ್ಯಾಸವಿತ್ತು. ಚಪ್ಪಲಿಗಳ ರಾಶಿಯ ಪಕ್ಕ ನಿಂತೆ. ಒಳಗೆ ಗಟ್ಟಿಮೇಳ ಎಂದು ಕೂಗಿದರು. ವಾದ್ಯ ಮೊಳಗಿತು. ನನ್ನ ಕೈಯಲ್ಲಿದ್ದ ಅಕ್ಷತೆಯನ್ನು ಎಸೆಯಲು ಜಾಗವಿಲ್ಲದೆ ಚಪ್ಪಲಿಗಳ ಮೇಲೆ ಹಾಕಿದೆ. ಯಾರ್ಯಾರೋ ಸುಖವಾಗಿರಲಿ.

ಸ್ವಲ್ಪ ಹೊತ್ತಿಗೆ ಜಯ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಹೆಂಗಾಯ್ತು ಜಯ? ಸವಿತ ಅತ್ಲಾ? ನನ್ನ ಹುಡುಕುದ್ಲಾ?"

ಜಯ ನನ್ನ ಅಂಗಿಯ ಮೇಲೆ ಬಿದ್ದಿದ್ದ ಅಕ್ಕಿಕಾಳನ್ನು ತೆಗೆದಳು. ಅವಳಿಗೆ ನನ್ನ ಮೇಲೆ ಕನಿಕರವೋ ಸಿಟ್ಟೋ ಹೇಳುವುದು ಕಷ್ಟ. "ಬಸ್ಸಲ್ಲಿ ಕೂತ್ಕಂಡು ನೀವೇ ಕಟ್ಕಳಿ" ಎಂದು ಒಳಗೆ ಹೋದಳು.

ಈಗ ಮತ್ತೆ ಡಿಸೆಂಬರ್ ಬಂದಿದೆ. ಮೊನ್ನೆ ಹನೂರಿನ ಟೀ ಅಂಗಡಿಯಲ್ಲಿ, ಹಳೆಯದೆಲ್ಲ ಮರೆತವರಂತೆ ಕೇಳಿದರು. "ಏನ್ಲಾ ಪಿಚ್ಚರ್ ಪುಟ್ಟಸ್ವಾಮಿ, ಈ ವರ್ಸ ನಿಂಗೆ ಯಾವ್ದು ಮೊದಲ್ನೇದು?"

"ಈ ವರ್ಷ ಒಂದೇ ಕಣಣ್ಣ. ನನ್ನ ತಂಗಿ ಮದುವೆ."

"ಅಂಗಾ? ಮಾಂಗಲ್ಯ ಕಟ್ದಾಗ ಸವಿತ ಅತ್ಲಂತಲ್ಲ, ಎಂಗಿತ್ಲಾ?"

ನಾನು ಟೀ ಲೋಟ ಕೆಳಗಿಟ್ಟು, ಬಸ್ಸು ಬಂತು ಎಂದು ಎದ್ದೆ. ಬಸ್ಸು ಬಂದಿರಲಿಲ್ಲ.